ಖಾಲಿ ತೂಕ

ಬಂದವರೆಲ್ಲ ಹಿಂದಿನ ದಿನ ಸಂಜೆ ಹೊರಟುಹೋಗಿದ್ದರು. ಅಕ್ಕಪಕ್ಕದವರಿಂದ ತಂದಿದ್ದ ಕುರ್ಚಿಗಳು ಅವರವರ ಮನೆ ಸೇರಿದ್ದವು. ಅಂತ್ಯಕ್ರಿಯೆಯಾಗಿ ಒಂಬತ್ತು ದಿನವಾಗಿತ್ತು. ಮನೆಯಲ್ಲಿ ಉಳಿದವರು ಮೂವರು: ಅತ್ತೆ, ನಾನು, ನಾಯಿ.

ಬೆಳಗಿನ ಐದೂಕಾಲಿಗೆ ನಾಯಿ ಎರಡು ಸಲ ಬೊಗಳಿತು. ಅದು ನನ್ನ ಗಂಡ ಏಳುತ್ತಿದ್ದ ಹೊತ್ತು. ಅವನು ಸಿಟಿ ಬಸ್ಸಿನ ಡ್ರೈವರ್, ಮೊದಲ ಪಾಳಿಯವನು. ನಾಯಿಯನ್ನು ಕೆಳಗೆ ಸುತ್ತಾಡಿಸಿ ತಂದುಬಿಟ್ಟು ಡ್ಯೂಟಿಗೆ ಹೋಗುತ್ತಿದ್ದ. ಈ ಒಂಬತ್ತು ದಿನ ಆ ಕೆಲಸವನ್ನು ನೆಂಟರು ಸರದಿಯ ಮೇಲೆ ಮಾಡಿದ್ದರು. ಈಗ ನೆಂಟರಿರಲಿಲ್ಲ.

ನಾನು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದೆ. ಏಳುವುದಕ್ಕೆ ಕಾರಣ ಕಾಣಲಿಲ್ಲ. ಅಳುವೂ ಬಂದಿರಲಿಲ್ಲ, ಅವತ್ತಿನಿಂದಲೂ. ಬಂದವರು ಅದನ್ನು ಗಮನಿಸಿ ಅಡುಗೆಮನೆಯಲ್ಲಿ ಗುಸುಗುಸು ಮಾತಾಡಿಕೊಂಡದ್ದು ಕೇಳಿಸಿತ್ತು.

ನಾಯಿ ಮತ್ತೆ ಎರಡು ಸಲ ಬೊಗಳಿತು.

"ಎದ್ದೇಳೇ," ಪಕ್ಕದ ಕೋಣೆಯಿಂದ ಅತ್ತೆ ಕೂಗಿದರು. "ಕಂಡಕ್ಟರ್‌ಗೆ ಅವಸರ ಅಂತೆ."

"ನೀವೇ ಬಾಗಿಲು ತೆಗೀರಿ ಅತ್ತೆ."

"ಬಾಗಿಲು ತೆಗೆದ್ರೆ? ಮೂರನೇ ಮಹಡಿಯಿಂದ ಅದೊಂದೇ ಇಳಿದು ಹೋಗಿ, ಕೈಕಾಲು ತೊಳ್ಕೊಂಡು ಬರುತ್ತಾ? ನನ್ನ ಮಂಡಿ ಹಣೆಬರಹ ನಿಂಗೆ ಗೊತ್ತಲ್ಲ. ಇಲ್ಲೇ ಮಾಡಿದ್ರೆ ಮಾಡ್ಲಿ ಬಿಡು. ಒರೆಸೋಳು ನೀನೇ."

ನಾನು ಎದ್ದಿದ್ದು ಅದಕ್ಕೆ. ಬೇರೆ ದೊಡ್ಡ ಕಾರಣವೇನೂ ಇರಲಿಲ್ಲ.

ಚಪ್ಪಲಿ ಸಿಗಲಿಲ್ಲ. ಬಾಗಿಲ ಬಳಿ ಅವನ ಶೂ ಇತ್ತು, ಅದರಲ್ಲೇ ಕಾಲು ತೂರಿಸಿದೆ. ಐವತ್ನಾಲ್ಕು ಮೆಟ್ಟಿಲು. ನಾಯಿ ಮೂರು ಕಾಲಲ್ಲಿ ಕುಪ್ಪಳಿಸುತ್ತ ಮುಂದೆ, ನಾನು ಶೂ ಎಳೆಯುತ್ತ ಹಿಂದೆ. ಬೀದಿದೀಪ ಇನ್ನೂ ಆರಿರಲಿಲ್ಲ. ಬೇಕರಿಯವನು ಶಟರ್ ಎತ್ತುತ್ತಿದ್ದ. ನಾಯಿ ಒಂದು ಕಂಬಕ್ಕೆ ಹೋಯಿತು, ಮೂಸಿತು, ಯೋಚಿಸಿತು, ಬೇಡವೆಂದು ಮುಂದಿನ ಕಂಬಕ್ಕೆ ಹೋಯಿತು. ಧೈರ್ಯ ತಂದುಕೋ ಅನ್ನಲಿಲ್ಲ. ನಿನಗಿನ್ನೂ ಚಿಕ್ಕ ವಯಸ್ಸು ಅನ್ನಲಿಲ್ಲ. ಆ ಒಂಬತ್ತು ದಿನದಲ್ಲಿ ನನ್ನ ಜೊತೆಗಿದ್ದು ಏನೂ ಹೇಳದೆ ಇದ್ದದ್ದು ಅದೊಂದೇ.

*

ಕಂಡಕ್ಟರ್ ಅನ್ನುವ ಹೆಸರು ಅವನಿಟ್ಟದ್ದು. ಡಿಪೋದಲ್ಲಿ ಬಸ್ಸಿನಡಿ ಸಿಕ್ಕಿದ ಮರಿ. ಹಿಂದಿನ ಎಡಗಾಲು ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. ಮೈತುಂಬ ಉದ್ದ ಕೂದಲು, ಕೂದಲ ತುಂಬ ಗ್ರೀಸು. "ಡ್ರೈವರ್ ಇದ್ಮೇಲೆ ಕಂಡಕ್ಟರ್ ಬೇಡ್ವಾ?" ಎನ್ನುತ್ತ ಅಂಗಿಯೊಳಗಿಟ್ಟುಕೊಂಡು ತಂದಿದ್ದ. "ಮೊಮ್ಮಗು ಕೊಡೋ ಅಂದ್ರೆ ನಾಯಿಮರಿ ತಂದಿದಾನೆ," ಎಂದು ಅತ್ತೆ ಎರಡು ದಿನ ಮಾತು ಬಿಟ್ಟರು. ಮೂರನೆಯ ದಿನ ಅವರ ಹಳೆಯ ಶಾಲು ನಾಯಿಯ ಹಾಸಿಗೆಯಾಗಿತ್ತು. ಯಾರು ಹಾಸಿದರೆಂದು ಯಾರೂ ಕೇಳಲಿಲ್ಲ.

ಅವನು ಅದಕ್ಕೆ ಕಲಿಸಿದ್ದು ಎರಡೇ ಮಾತು. "ರೈಟ್" ಅಂದರೆ ಹೊರಡಬೇಕು. "ಹೋಲ್ಡಾನ್" ಅಂದರೆ ನಿಲ್ಲಬೇಕು.

ಪಶುವೈದ್ಯೆ ನೋಡಿ, ಆಪರೇಷನ್ ಮಾಡಿ ಕಾಲು ನೆಟ್ಟಗೆ ಮಾಡಬಹುದು ಅಂದರು. ಆದರೆ ಐದು ಕೆ.ಜಿ.ಯ ಈ ಜೀವ ಅರಿವಳಿಕೆ ತಡೆಯುವುದಿಲ್ಲ, ಹತ್ತಾದರೂ ಆಗಲಿ. ಅದೂ ಮೂಳೆ ಬಲಿಯುವುದರೊಳಗೆ ಆಗಬೇಕು. ತಡವಾದರೆ ಕಾಲು ಹಾಗೇ ಉಳಿಯುತ್ತದೆ.

ಮಾರನೆಯ ದಿನವೇ ಅವನು ಒಂದು ತೂಕದ ಯಂತ್ರ ಹೊತ್ತು ತಂದ. ಹಳೆಯದು, ಕಬ್ಬಿಣದ್ದು, ಮನುಷ್ಯರು ಹತ್ತಿ ನಿಲ್ಲುವಂಥದ್ದು. ಮುಂದುಗಡೆ ಗಡಿಯಾರದಂಥ ಮುಖ, ಕೆಂಪು ಮುಳ್ಳು.

"ಯಾರದು?" ಅಂದೆ.

"ಎರಡು ದಿನಕ್ಕೆ ಅಂತ ಇಸ್ಕೊಂಡು ಬಂದೆ," ಅಂದ. ಯಾರಿಂದ ಎಂದು ಹೇಳಲಿಲ್ಲ. ನಾನು ಮತ್ತೆ ಕೇಳಲಿಲ್ಲ.

ನಾಯಿ ಅದರ ಮೇಲೆ ನಿಲ್ಲಲು ಒಪ್ಪಲಿಲ್ಲ. ಹಾಗಾಗಿ ಅದನ್ನು ಎತ್ತಿಕೊಂಡು ನಾನು ನಿಲ್ಲಬೇಕು, ಅವನು ನೆಲಕ್ಕೆ ಮಲಗಿ ಮುಳ್ಳು ಓದಬೇಕು. ಅವನೇ ಹತ್ತಿದರೆ ಮುಳ್ಳು ಎಂಬತ್ತೈದರಾಚೆ ಸುಮ್ಮನೆ ನಡುಗುತ್ತಿತ್ತು. ಮೊದಲು ನನ್ನೊಬ್ಬಳನ್ನು ತೂಗಿದ: ಐವತ್ತಮೂರು. ಆಮೇಲೆ ನಾಯಿಯ ಜೊತೆ: ಐವತ್ತೆಂಟು. ಒಂದು ಹಳೆಯ ಡ್ಯೂಟಿ ಚೀಟಿಯ ಬೆನ್ನಿಗೆ ಬರೆದು ಬೀರುವಿನ ಬಾಗಿಲ ಒಳಗೆ ಅಂಟಿಸಿದ. ಮೇಲುಗಡೆ ದಪ್ಪ ಅಕ್ಷರದಲ್ಲಿ, ಖಾಲಿ ತೂಕ 53. ಕೆಳಗೆ, ಪ್ರಯಾಣಿಕರು 1.

"ಇದೇನು?"

"ಬಸ್ಸಿನ ಪಕ್ಕ ಬರೆದಿರಲ್ವಾ, ಖಾಲಿ ತೂಕ ಇಷ್ಟು ಅಂತ?"

"ನಾನು ಬಸ್ಸಾ?"

"ಮಾಮೂಲಿ ಬಸ್ಸಲ್ಲ. ಎಕ್ಸ್‌ಪ್ರೆಸ್."

ನಾನು ರಸಾಯನಶಾಸ್ತ್ರ ಓದಿದವಳು. ನಲ್ಲಿಗೆ ಬರುವ ನೀರನ್ನು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸ. ಖಾಲಿ ಬಟ್ಟಲು ತೂಗುತ್ತೇವೆ, ಅದರಲ್ಲಿ ನೀರು ಆವಿ ಮಾಡುತ್ತೇವೆ, ಮತ್ತೆ ತೂಗುತ್ತೇವೆ. ಹೆಚ್ಚಾದದ್ದು ನೀರಿನಲ್ಲಿದ್ದ ಲವಣ. ಹೊಸದಾಗಿ ಸೇರಿದವರಿಗೆ ನಾನು ಹೇಳಿಕೊಡುವ ಮೊದಲ ಪಾಠ ಒಂದೇ. ಖಾಲಿ ಬಟ್ಟಲಿನ ನಿನ್ನೆಯ ತೂಕವನ್ನು ನಂಬಬೇಡಿ. ಪ್ರತಿ ಸಲವೂ ಹೊಸದಾಗಿ ತೂಗಿ. ಅವನಿಗೂ ಹೇಳಿದ್ದೆ. ಹಾಗಾಗಿ ಭಾನುವಾರ ಭಾನುವಾರ ಮೊದಲು ನಾನು ಹತ್ತಬೇಕು, ಆಮೇಲೆ ನಾಯಿಯ ಜೊತೆ. ನನ್ನದು ಯಾವಾಗಲೂ ಐವತ್ತಮೂರೇ. ನಾಯಿ ಐದು, ಆರು, ಏಳು ಆಯಿತು. ಕೊನೆಯ ಭಾನುವಾರ ಎಂಟು.

ಆ ಗುರುವಾರ ಅವನು ಪಾಳಿ ಮುಗಿಸಿ, ಬಸ್ಸನ್ನು ಡಿಪೋದಲ್ಲಿ ಅದರ ಜಾಗಕ್ಕೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಸ್ಟಿಯರಿಂಗ್ ಮೇಲೆ ತಲೆಯಿಟ್ಟ. ಮೂವತ್ನಾಲ್ಕು ವರ್ಷ. ಹೃದಯ ಅಂದರು.

*

ನೆಂಟರು ಹೋದಮೇಲಿನ ಮೊದಲ ಭಾನುವಾರ ಮಂಚದಡಿಯಿಂದ ಯಂತ್ರವನ್ನು ಎಳೆದೆ.

"ಅತ್ತೆ, ಸ್ವಲ್ಪ ಮುಳ್ಳು ನೋಡ್ತೀರಾ?"

"ನಾನು ಬಗ್ಗಿದ್ರೆ ಎತ್ತೋಕೆ ನಾಲ್ಕು ಜನ ಬೇಕು."

"ಕುರ್ಚಿ ಮೇಲೆ ಕೂತ್ಕೊಂಡು ನೋಡಿ."

ಅವರು ಕನ್ನಡಕ ಹುಡುಕಿ, ಸೆರಗಿನಲ್ಲಿ ಒರೆಸಿ, ಕುರ್ಚಿ ಎಳೆದು ಕೂತರು. ನಾನು ನಾಯಿಯನ್ನು ಎತ್ತಿಕೊಂಡು ಹತ್ತಿದೆ.

"ಅರವತ್ತು."

"ಸರಿ ನೋಡಿ."

"ಅರವತ್ತು ಕಣೇ. ನಂಗೆ ಮಂಡಿ ಹೋಗಿದೆ, ಕಣ್ಣಲ್ಲ."

ಅರವತ್ತರಲ್ಲಿ ಐವತ್ತಮೂರು ಕಳೆದೆ. ಏಳು. ಒಂದು ಕೆ.ಜಿ. ಕಡಿಮೆ.

ನನ್ನನ್ನು ಮೊದಲು ತೂಗಬೇಕು ಅನ್ನುವುದು ಹೊಳೆಯಲೇ ಇಲ್ಲ. ಖಾಲಿ ತೂಕ ಅಲ್ಲೇ ಬರೆದಿತ್ತು. ಅವನ ಅಕ್ಷರ. ಅದನ್ನು ಮತ್ತೆ ಪರೀಕ್ಷಿಸುವುದು ನನ್ನ ತಲೆಗೆ ಬರುವ ಸಂಗತಿಯಾಗಿರಲಿಲ್ಲ.

ಸೋಮವಾರದಿಂದ ಕೆಲಸಕ್ಕೆ ಹೋದೆ. ಬಟ್ಟಲುಗಳನ್ನು ಒಂದೊಂದಾಗಿ ತೂಗಿದೆ, ನಾಲ್ಕನೆಯ ದಶಾಂಶದವರೆಗೆ, ಒಂದೂ ತಪ್ಪಿಲ್ಲದೆ. ಸಂಜೆ ಮನೆಗೆ ಬಂದರೆ ಅತ್ತೆ ಮಾತ್ರೆಯ ಸಲುವಾಗಿ ಬೇಗ ಊಟ ಮುಗಿಸಿ ಮಲಗಿರುತ್ತಿದ್ದರು. ಮೇಜಿನ ಮೇಲೆ ನನ್ನ ತಟ್ಟೆ. ನಾನು ಎರಡು ತುತ್ತು ತಿಂದು ನೋಡುತ್ತಿದ್ದೆ. ಕಾಗದ ಅಗಿದಂತಿರುತ್ತಿತ್ತು. ಕೆಳಗೆ ನಾಯಿ ನನ್ನ ಕಾಲಿನ ಮೇಲೆ ಗಲ್ಲವಿಟ್ಟು ಮೇಲೆ ನೋಡುತ್ತಿತ್ತು. ತೂಕ ಕಳೆದುಕೊಂಡಿರುವ ನಾಯಿ. ತಟ್ಟೆಯನ್ನು ನೆಲಕ್ಕಿಡುತ್ತಿದ್ದೆ.

ಎರಡನೆಯ ಭಾನುವಾರ ಐವತ್ತೊಂಬತ್ತು. ನಾಯಿ ಆರು. ಮಾರನೆಯ ದಿನದಿಂದ ಬೆಳಗಿನ ಮೊಟ್ಟೆಯೂ ಅದಕ್ಕೇ ಹೋಯಿತು. ಮೂರನೆಯ ಭಾನುವಾರ ಐವತ್ತೆಂಟೂವರೆ. ಮಧ್ಯಾಹ್ನದ ಡಬ್ಬಿಯನ್ನು ಮುಚ್ಚಳ ತೆಗೆಯದೆ ಮನೆಗೆ ತರತೊಡಗಿದೆ. ನಾಲ್ಕನೆಯ ಭಾನುವಾರ ಐವತ್ತೆಂಟು.

"ನಂಗೇನೋ ಇದು ಸಣ್ಣಗಾದ ಹಾಗೆ ಕಾಣ್ಸಲ್ಲ," ಅಂದರು ಅತ್ತೆ.

"ಮೈತುಂಬ ಕೂದಲಿದೆ, ಒಳಗೆ ಏನಿದೆ ಹೇಗೆ ಕಾಣುತ್ತೆ? ಕಣ್ಣು ಮೋಸ ಮಾಡುತ್ತೆ ಅತ್ತೆ. ಅಂಕಿ ಮಾಡಲ್ಲ."

ಎತ್ತಿಕೊಂಡಾಗ ಅದು ಭಾರವೆನಿಸುತ್ತಿದ್ದುದು ನಿಜ. ಆದರೆ ಆ ದಿನಗಳಲ್ಲಿ ನೀರಿನ ಲೋಟವೂ ಭಾರವೆನಿಸುತ್ತಿತ್ತು.

ಐದನೆಯ ಭಾನುವಾರ ಮುಳ್ಳು ಐವತ್ತೇಳೂವರೆಗೆ ನಿಂತಿತು. ನಾಲ್ಕೂವರೆ ಕೆ.ಜಿ. ಬಸ್ಸಿನಡಿ ಸಿಕ್ಕ ದಿನಕ್ಕಿಂತ ಕಡಿಮೆ. ನಾನು ನಾಯಿಯನ್ನು ಇಳಿಸಲಿಲ್ಲ. ಅದರ ಕಿವಿ ನನ್ನ ಗಲ್ಲಕ್ಕೆ ಬಿಸಿಯಾಗಿ ತಾಗುತ್ತಿತ್ತು. ಇದೂ ಹೋಗುತ್ತದೆ ಅನ್ನಿಸಿತು. ಅಷ್ಟು ದಿನದಲ್ಲಿ ನನಗೆ ಸ್ಪಷ್ಟವಾಗಿ ಅನ್ನಿಸಿದ ಮೊದಲ ಸಂಗತಿ ಅದು: ಭಯ.

"ಅತ್ತೆ, ನಾಳೆ ರಜೆ ಹಾಕ್ತೀನಿ. ಡಾಕ್ಟರ್ ಹತ್ರ ಹೋಗ್ಬೇಕು."

"ನಾನೂ ಬರ್ತೀನಿ."

"ಮೆಟ್ಟಿಲು?"

"ಕೂತು ಕೂತು ಇಳೀತೀನಿ. ನನ್ನ ಮಗ ತಂದ ನಾಯಿ ಅದು."

*

ಪಶುವೈದ್ಯೆ ದಪ್ಪ ದನಿಯವರು. ತೋಳು ಮಡಿಚಿಕೊಂಡೇ ಮಾತಾಡುತ್ತಾರೆ. ನಾನು ಬರೆದುಕೊಂಡು ತಂದಿದ್ದ ಚೀಟಿ ನೋಡಿ ಅಂಕಿಗಳನ್ನು ಓದಿದೆ. ಎಂಟು, ಏಳು, ಆರು, ಐದೂವರೆ, ಐದು, ನಾಲ್ಕೂವರೆ.

ಅವರು ನಾಯಿಯನ್ನು ನೋಡಿದರು, ನನ್ನನ್ನು ನೋಡಿದರು.

"ನಾಲ್ಕೂವರೆ? ಏನು, ಒಂದು ಕಾಲಿನ ತೂಕಾನಾ?"

ಅವರಲ್ಲಿ ನಾಯಿಗಳಿಗೆಂದೇ ನೆಲಮಟ್ಟದ ಅಗಲವಾದ ತೂಕದ ಹಲಗೆ ಇತ್ತು. ನಾನು "ಹೋಲ್ಡಾನ್" ಅಂದೆ. ಕಂಡಕ್ಟರ್ ನಿಂತಿತು. ಗೋಡೆಯ ಮೇಲೆ ಕೆಂಪು ಅಂಕಿ ಹೊಳೆಯಿತು. ಹತ್ತೂವರೆ.

"ನಿಮ್ಮ ಯಂತ್ರ ಕೆಟ್ಟಿದೆ," ಅಂದೆ.

"ನನ್ನದು ಕೆಟ್ಟಿಲ್ಲ. ನಿಮ್ಮನೇಲಿ ಹೇಗೆ ತೂಗ್ತೀರಿ ಹೇಳಿ."

ಹೇಳಿದೆ. ಎತ್ತಿಕೊಂಡು ನಿಲ್ಲುವುದು, ಅತ್ತೆ ಓದುವುದು, ಐವತ್ತಮೂರು ಕಳೆಯುವುದು.

"ಆ ಐವತ್ತಮೂರು ಯಾವಾಗಿನದು?"

ಪ್ರಶ್ನೆ ಮುಗಿಯುವ ಮೊದಲೇ ಗೊತ್ತಾಗಿತ್ತು. ಎಷ್ಟು ಜನ ಹೊಸಬರಿಗೆ ಆ ಪಾಠ ಹೇಳಿಕೊಟ್ಟಿದ್ದೇನೋ.

"ಹತ್ತಿ," ಅಂದರು.

"ಇದು ನಾಯಿಗಳದ್ದು."

"ಪರವಾಗಿಲ್ಲ, ಯಾರೂ ಬೇಜಾರು ಮಾಡ್ಕೊಳ್ಳಲ್ಲ. ಹತ್ತಿ."

ನಲವತ್ತೇಳು.

ಅತ್ತೆ ಗೋಡೆಯ ಅಂಕಿಯನ್ನೇ ನೋಡುತ್ತಿದ್ದರು. "ದಿನಾ ಬೆಳಿಗ್ಗೆ ತಟ್ಟೆ ಲಕಲಕ ಅಂತ ಇರ್ತಿತ್ತು," ಅಂದರು ನಿಧಾನವಾಗಿ. "ಉಂಡು, ತೊಳೆದೂ ಇಟ್ಟಿದಾಳೆ, ಎಂಥಾ ಸೊಸೆ ಅಂದ್ಕೊಂಡಿದ್ದೆ. ನೆಕ್ಕಿದ್ದು ಇದಾ?"

ಕಂಡಕ್ಟರ್ ಬಾಲ ಆಡಿಸಿತು.

"ನಾಯಿ ಕುದುರೆ ಹಾಗಿದೆ," ಅಂದರು ವೈದ್ಯೆ. "ಈ ವಾರವೇ ಆಪರೇಷನ್ ಮಾಡಬಹುದು. ಆದ್ರೆ ಮಾಡಲ್ಲ."

"ಯಾಕೆ?"

"ಆಪರೇಷನ್ ಆದ್ಮೇಲೆ ಆರು ವಾರ ಇದು ಒಂದು ಮೆಟ್ಟಿಲೂ ಹತ್ತಬಾರದು, ಇಳೀಬಾರದು. ನಿಮ್ಮದು ಎಷ್ಟನೇ ಮಹಡಿ?"

"ಮೂರು."

"ಲಿಫ್ಟು?"

"ಇಲ್ಲ."

"ದಿನಕ್ಕೆ ಮೂರು ಸಲ ಹೊರಗೆ ಕರ್ಕೊಂಡು ಹೋಗ್ಬೇಕು. ಯಾರು ಎತ್ಕೊಳ್ತಾರೆ?"

"ನಾನು."

"ನೀವಾ? ಗಾಳಿ ಬಂದ್ರೆ ನಾಯಿನೇ ನಿಮ್ಮನ್ನ ಹಿಡ್ಕೋಬೇಕು. ಅರ್ಧ ದಾರೀಲಿ ಕೈ ಸೋತು ಬಿಟ್ರಿ ಅಂದ್ರೆ ನನ್ನ ಕೆಲಸ ಎಲ್ಲ ಹಾಳು." ಚೀಟಿ ತೆಗೆದು ಏನೋ ಬರೆದರು. "ಒಂದು ತಿಂಗಳು ಸಮಯ ಇದೆ. ಅಷ್ಟರಲ್ಲಿ ನೀವು ಐವತ್ತಾಗಿ ಬನ್ನಿ. ಆಮೇಲೆ ಬಂದ್ರೆ ಮೂಳೆ ಬಲಿತಿರುತ್ತೆ, ನಾನು ಕೈ ಹಾಕಲ್ಲ."

"ಇದ್ಯಾವ ಊರ ನ್ಯಾಯ ಡಾಕ್ಟ್ರೇ?" ಅಂದರು ಅತ್ತೆ. "ನಾಯಿ ಆಪರೇಷನ್‌ಗೆ ಸೊಸೆ ದಪ್ಪ ಆಗ್ಬೇಕಾ?"

"ಹೂಂ ಅಮ್ಮ. ನನ್ನ ಆಸ್ಪತ್ರೆ, ನನ್ನ ನ್ಯಾಯ."

ಅತ್ತೆ ನಕ್ಕರು. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆ ಹಿಡಿದುಕೊಂಡು. ಮಗ ಹೋದಮೇಲೆ ಆ ದನಿ ಮನೆಯಲ್ಲಿ ಕೇಳಿರಲಿಲ್ಲ. ನಾನು ತೂಕದ ಹಲಗೆಯಿಂದ ಇಳಿಯುವುದನ್ನು ಮರೆತು ಅವರನ್ನೇ ನೋಡುತ್ತ ನಿಂತಿದ್ದೆ.

*

ಅವತ್ತಿನಿಂದ ಅತ್ತೆ ತಮ್ಮ ಊಟವನ್ನು ನನ್ನ ಹೊತ್ತಿಗೆ ಬದಲಾಯಿಸಿಕೊಂಡರು. ಎದುರಿಗೆ ಕೂರುತ್ತಿದ್ದರು. ನಾಯಿಯನ್ನು ಬಚ್ಚಲಿಗೆ ಹಾಕಿ ಚಿಲಕ ಹಾಕುತ್ತಿದ್ದರು.

"ಸಾಕು ಅತ್ತೆ."

"ನಿಂಗೆ ಸಾಕಿರಬಹುದು. ಇದು ನಿಂಗಲ್ಲ, ಕಂಡಕ್ಟರ್ ಎಡಗಾಲಿಗೆ. ಬಾಯಿ ತೆಗಿ."

"ನೀವೂ ಇಷ್ಟೇ ಇಷ್ಟು ಹಾಕ್ಕೊಂಡಿದೀರಲ್ಲ."

ಅವರು ತಮ್ಮ ತಟ್ಟೆಗೂ ಬಡಿಸಿಕೊಂಡರು. ಬಚ್ಚಲಿನಿಂದ ಕಂಡಕ್ಟರ್ ನಮ್ಮಿಬ್ಬರನ್ನೂ ಬೈಯುತ್ತಿತ್ತು.

ಮೊದಲ ವಾರ ಮುಳ್ಳು ಅಲುಗಲಿಲ್ಲ. ಹಸಿವೇ ಇರಲಿಲ್ಲ.

ಬೆಳಿಗ್ಗೆ ನಾವು ಯಾವಾಗಲೂ ಬೇಕರಿ ಕಡೆ ತಿರುಗುತ್ತಿದ್ದೆವು. ಇನ್ನೊಂದು ಕಡೆ ಡಿಪೋ. ಆ ದಿಕ್ಕಿಗೆ ನಾನು ಒಮ್ಮೆಯೂ ಹೋಗಿರಲಿಲ್ಲ. ಕೆಲಸಕ್ಕೆ ಹೋಗುವಾಗಲೂ ಎರಡು ಬೀದಿ ಸುತ್ತು ಹಾಕುತ್ತಿದ್ದೆ. ಎರಡನೆಯ ವಾರದ ಒಂದು ಬೆಳಿಗ್ಗೆ ಕಂಡಕ್ಟರ್ ನಮ್ಮ ಕಟ್ಟಡದ ಗೇಟಿನ ಎದುರು ಕೂತುಬಿಟ್ಟಿತು. ಎಳೆದರೂ ಬರಲಿಲ್ಲ. ಮುಖ ಡಿಪೋ ಕಡೆಗಿತ್ತು. ಹತ್ತು ನಿಮಿಷ ಇಬ್ಬರೂ ಹಟ ಹಿಡಿದೆವು.

"ರೈಟ್," ಅಂದೆ ಕೊನೆಗೆ.

ಮೂರು ಕಾಲಿನಲ್ಲಿ ಅದು ಓಡಿದ ಓಟಕ್ಕೆ ನನ್ನ ಕೈಯ ಹಗ್ಗ ಜಗ್ಗಿತು. ಅವನ ಶೂನಲ್ಲಿ ನಾನೂ ಓಡಿದೆ. ಡಿಪೋದ ಗೇಟು ತೆರೆದಿತ್ತು. ಬಸ್ಸುಗಳು ಸಾಲಾಗಿ ನಿಂತು ಎಂಜಿನ್ ಬಿಸಿ ಮಾಡಿಕೊಳ್ಳುತ್ತಿದ್ದವು. ಕಂಡಕ್ಟರ್ ನೇರವಾಗಿ ಅವನ ಬಸ್ಸಿಗೆ ಹೋಗಿ, ಬಾಗಿಲ ಕೆಳಗೆ ಕೂತು, ಎರಡು ಸಲ ಬೊಗಳಿತು. ಸೀಟಿನಿಂದ ಬೇರೆ ಮುಖವೊಂದು ಬಗ್ಗಿ ನೋಡಿತು. ನಾಯಿಯೂ ಅದನ್ನು ನೋಡಿತು. ಮೂಸಿತು. ಆಮೇಲೆ ಎದ್ದು ಬಂದು ನನ್ನ ಕಾಲಿಗೊರಗಿತು. ಅದಕ್ಕೆ ತಿಳಿಯಬೇಕಾದ್ದು ತಿಳಿದಿತ್ತು.

ಕ್ಯಾಂಟೀನಿನ ಮುದುಕ ನನ್ನನ್ನು ಬೆಂಚಿನ ಮೇಲೆ ಕೂರಿಸಿದ.

"ಏನಮ್ಮಾ, ಇಷ್ಟು ದಿನಕ್ಕೆ ಬಂದ್ರಾ? ನಿಮ್ಮೆಜಮಾನ್ರು ದಿನಾ ಇಲ್ಲಿ ಕೂತು ನಿಮ್ಮದೇ ಹೇಳೋರು. ನಮ್ಮನೆಯವಳು ನೀರಿಗೂ ತೂಕ ಹಾಕ್ತಾಳೆ ಅಂತ." ಕೇಳದೆಯೇ ಬ್ರೆಡ್ಡು, ಬೇಯಿಸಿದ ಮೊಟ್ಟೆ, ಬಿಸಿ ಚಹಾ ತಂದಿಟ್ಟ.

ಓಡಿದ್ದಕ್ಕೋ ಏನೋ, ಎರಡು ಮೊಟ್ಟೆ, ನಾಲ್ಕು ತುಂಡು ಬ್ರೆಡ್ಡು ತಿಂದೆ. ಮೊಟ್ಟೆಗೆ ಉಪ್ಪು ಜಾಸ್ತಿಯಾಗಿತ್ತು. ಜಾಸ್ತಿಯಾಗಿದೆ ಎಂದು ಗೊತ್ತಾಯಿತು. ನಾಲಿಗೆ ಕೆಲಸ ಮಾಡುತ್ತಿತ್ತು.

ಆಮೇಲೆ ದಿನವೂ ಡಿಪೋ ಕಡೆಗೇ ಹೋದೆವು.

ಅದೇ ದಾರಿಯಲ್ಲಿ ಒಂದು ಗುಜರಿ ಅಂಗಡಿ. ಒಂದು ಭಾನುವಾರ ಅದರ ಮುಂದೆ ಟ್ರ್ಯಾಕ್‌ಸೂಟ್ ಹಾಕಿದ ಏಳೆಂಟು ಹುಡುಗಿಯರು ಸಾಲಾಗಿ ನಿಂತಿದ್ದರು. ಹಳೆ ಪೇಪರ್ ತೂಗುವ ಕಾಟಾದ ಮೇಲೆ ಒಬ್ಬೊಬ್ಬರಾಗಿ ಹತ್ತುತ್ತಿದ್ದರು. ಪಕ್ಕದಲ್ಲಿ ಪುಸ್ತಕ ಹಿಡಿದು ನಿಂತವರು ನಮ್ಮ ಕಟ್ಟಡದ ನೆಲಮಾಳಿಗೆಯಲ್ಲಿ ಹುಡುಗಿಯರಿಗೆ ಕುಸ್ತಿ ಕಲಿಸುವವರು. ಕಡ್ಡಿಯಂಥ ಮೈ. ಬೀದಿಗೆಲ್ಲ ಅವರು ಪೈಲ್ವಾನ್.

"ಇದೇನು ಪೈಲ್ವಾನ್ರೇ, ಗುಜರಿಗೆ ಹಾಕ್ತಾ ಇದೀರಾ ಇವರನ್ನ?" ಅಂದೆ. ಅಂದಮೇಲೆ ನನಗೇ ಆಶ್ಚರ್ಯವಾಯಿತು. ತಮಾಷೆ ಮಾಡಿ ಬಹಳ ದಿನವಾಗಿತ್ತು.

"ಯಾರೂ ತಗೊಳ್ಳಲ್ಲ ತಂಗಿ, ಕೇಳಿ ನೋಡಿದೀನಿ," ಅಂದರು.

"ಕೋಚ್ ತೂಕದ ಮಷೀನ್ ಯಾರಿಗೋ ಕೊಟ್ಟುಬಿಟ್ಟಿದಾರೆ ಅಕ್ಕಾ," ಅಂದಳು ಒಬ್ಬಳು. "ಯಾರಿಗೆ ಅಂದ್ರೆ ಹೇಳಲ್ಲ."

ಪೈಲ್ವಾನರು ಪುಸ್ತಕದಲ್ಲಿ ಮುಖ ಹುದುಗಿಸಿದರು. ನಾನು ಮನೆಗೆ ಹೋಗಿ ಯಂತ್ರವನ್ನು ತಿರುಗಿಸಿ ನೋಡಿದೆ. ಅಡಿಯಲ್ಲಿ ಬಿಳಿ ಬಣ್ಣದಲ್ಲಿ ಬರೆದಿತ್ತು: ಕುಸ್ತಿ ಹಾಲ್.

ಸಾವಿನ ಮನೆಗೆ ಅವರೂ ಬಂದಿದ್ದರು. ಮಂಚದ ಪಕ್ಕದ ಕುರ್ಚಿಯಲ್ಲೇ ಕೂತಿದ್ದರು. ಯಂತ್ರ ಅವರ ಕಾಲಿಗೆ ತಗಲುವಷ್ಟು ಹತ್ತಿರವಿತ್ತು.

ಕೆಳಗೆ ಹೋಗಿ ಬಾಗಿಲಲ್ಲಿ ನಿಂತೆ. "ಕೇಳಬಾರದಾ ನೀವು?"

"ಏನಂತ ಕೇಳಲಿ ತಂಗಿ?" ಅಂದರು. "ನಾಯಿ ಕಾಲು ಸರಿ ಆಗೋವರೆಗೂ ಅಲ್ಲೇ ಇರಲಿ. ನಮ್ಮ ಹುಡುಗೀರು ಗುಜರೀಲಿ ತೂಗಿಸ್ಕೊಂಡ್ರೆ ಒಳ್ಳೇದೇ. ಜಂಬ ತಲೆಗೇರಲ್ಲ."

*

ನಾಲ್ಕನೆಯ ಭಾನುವಾರ ನಲವತ್ತೊಂಬತ್ತೂವರೆ. ಬುಧವಾರ ಆಸ್ಪತ್ರೆಗೆ ಹೋಗಬೇಕು. ಅತ್ತೆ ಮೂರು ದಿನ ನನ್ನನ್ನು ಬಾಣಂತಿಯಂತೆ ನೋಡಿಕೊಂಡರು.

ಆಸ್ಪತ್ರೆಯ ಹಲಗೆ ಹತ್ತಿದೆ. ಐವತ್ತೊಂದು.

"ಶೂ ಬಿಚ್ಚಿ," ಅಂದರು ವೈದ್ಯೆ.

ಅವನ ಶೂ. ದಪ್ಪ ಅಟ್ಟೆಯದು. ಅತ್ತೆಯ ಮುಖ ನೋಡಿದೆ. ಅವರು ಉಸಿರು ಬಿಗಿಹಿಡಿದು ಕೂತಿದ್ದರು. ಬಿಚ್ಚಿ ಮತ್ತೆ ಹತ್ತಿದೆ. ಅಂಕಿ ಕುಣಿಯಿತು, ನಿಂತಿತು. ಐವತ್ತು, ಮೇಲೆ ನೂರು ಗ್ರಾಂ.

"ಆ ನೂರು ಗ್ರಾಂ ನೀವೇ ಇಟ್ಕೊಳ್ಳಿ ಡಾಕ್ಟ್ರೇ," ಅಂದರು ಅತ್ತೆ.

ಮಾರನೆಯ ದಿನ ಆಪರೇಷನ್ ಆಯಿತು. ಕಂಡಕ್ಟರ್ ಕಾಲಿಗೆ ದೊಡ್ಡ ಕಟ್ಟು ಕಟ್ಟಿಸಿಕೊಂಡು, ಅಮಲಿನ ಕಣ್ಣಲ್ಲಿ ನನ್ನನ್ನು ನೋಡಿತು. ಆಗ ಅದರ ತೂಕ ಹನ್ನೊಂದೂವರೆ.

ದಿನಕ್ಕೆ ಮೂರು ಸಲ, ಐವತ್ನಾಲ್ಕು ಮೆಟ್ಟಿಲು, ಇಳಿಯುವುದು ಮತ್ತು ಹತ್ತುವುದು. ಮಧ್ಯಾಹ್ನದ ಸರದಿಗೆ ಪ್ರಯೋಗಾಲಯದಿಂದ ಸೈಕಲ್ಲಿನಲ್ಲಿ ಬರುತ್ತಿದ್ದೆ. ಮೊದಲ ದಿನ ಎರಡನೆಯ ಮಹಡಿಯ ತಿರುವಿನಲ್ಲಿ ತೋಳು ಮುಗಿದುಹೋಯಿತು. ನಾಯಿಯನ್ನು ಬಿಡಲಿಲ್ಲ. ಎತ್ತಿಕೊಂಡೇ ಮೆಟ್ಟಿಲ ಮೇಲೆ ಕೂತೆ. ಅದು ತನ್ನ ಪೂರ್ತಿ ಭಾರವನ್ನು ನನ್ನ ಮೇಲೆ ಹಾಕಿ, ಕುತ್ತಿಗೆಗೆ ಮೂಗು ಒತ್ತಿ, ನಿಟ್ಟುಸಿರು ಬಿಟ್ಟಿತು. ನಾನು ಬೀಳಿಸುತ್ತೇನೆ ಅನ್ನುವ ಸಂಶಯ ಅದಕ್ಕೆ ಇರಲೇ ಇಲ್ಲ.

ಆಗ ಅಳು ಬಂತು. ಎರಡೂವರೆ ತಿಂಗಳ ಅಳು, ದನಿ ಸಮೇತ. ಯಾರದೋ ಮನೆಯ ಬಾಗಿಲು ತೆರೆದು, ಮತ್ತೆ ಮೆಲ್ಲಗೆ ಮುಚ್ಚಿತು. ಕಂಡಕ್ಟರ್ ನನ್ನ ಗಲ್ಲವನ್ನು ನೆಕ್ಕಿತು, ಉಪ್ಪು ಅದಕ್ಕೆ ಇಷ್ಟ. ಸಾಕಾಗುವವರೆಗೆ ಅತ್ತು, ಮೂಗನ್ನು ತೋಳಿಗೆ ಒರೆಸಿಕೊಂಡು, ಉಳಿದ ಮೆಟ್ಟಿಲು ಎಣಿಸಿದೆ. ಹದಿನೆಂಟು. ಎದ್ದು ಹತ್ತಿದೆ.

ಮೂರನೆಯ ವಾರ ಎಲ್ಲೂ ಕೂರದೆ ಹತ್ತಿದೆ. ಐದನೆಯ ವಾರ ಹತ್ತುತ್ತ ಅತ್ತೆಯ ಜೊತೆ ಕೂಗಿ ಮಾತಾಡಿದೆ. ಪ್ರಯೋಗಾಲಯದಲ್ಲಿ ಮುಚ್ಚಳ ಬಿಗಿಯಾದ ಸೀಸೆಗಳನ್ನೆಲ್ಲ ನನ್ನ ಹತ್ತಿರ ತರತೊಡಗಿದರು.

*

ಆರು ವಾರ ತುಂಬಿದ ಶನಿವಾರ ವೈದ್ಯೆ ಕಾಲನ್ನು ಮಡಿಚಿ, ಬಿಡಿಸಿ, "ಸಾಕು ಇನ್ನು, ಕೆಳಗೆ ಬಿಡಿ ಮಹಾರಾಜನ್ನ," ಅಂದರು.

ಕಂಡಕ್ಟರ್ ಎಡಗಾಲನ್ನು ಎತ್ತಿಯೇ ನಿಂತಿತ್ತು. ಹಳೆಯ ಅಭ್ಯಾಸ. ಆಮೇಲೆ ನೆಲ ಬಿಸಿಯಿದೆಯೋ ಎಂಬಂತೆ ಮುಟ್ಟಿತು. ಮತ್ತೆ ಮುಟ್ಟಿತು. ಊರಿತು. ನಮ್ಮ ಕಟ್ಟಡದ ಮೆಟ್ಟಿಲ ಬುಡದಲ್ಲಿ ನನ್ನ ಕಡೆ ನೋಡಿ, ಎತ್ತಿಕೊಳ್ಳಲೆಂದು ಕಾದಿತು.

"ರೈಟ್," ಅಂದೆ.

ನಾಲ್ಕೂ ಕಾಲಿನಲ್ಲಿ ಹೋಯಿತು. ಐವತ್ನಾಲ್ಕು. ಮೇಲೆ ಬಾಗಿಲಲ್ಲಿ ಅತ್ತೆ ಚಪ್ಪಾಳೆ ತಟ್ಟುವುದು ಕೆಳಗಿನವರೆಗೂ ಕೇಳಿಸಿತು. "ಬಾರೋ ನನ್ನಪ್ಪ! ನೋಡೇ, ನನ್ನ ಮಂಡಿಗಿಂತ ಚೆನ್ನಾಗಿದೆ!"

ಖಾಲಿ ಕೈಯಲ್ಲಿ ನಾನೂ ಹಿಂದೆ ಹತ್ತಿದೆ. ಮಂಚದಡಿಯಿಂದ ಯಂತ್ರವನ್ನು ಎಳೆದು, ಒದ್ದೆ ಬಟ್ಟೆಯಲ್ಲಿ ಒರೆಸಿ, ಎದೆಗವಚಿ ಎತ್ತಿಕೊಂಡೆ. ಹದಿನಾಲ್ಕು ಕೆ.ಜಿ. ಕಬ್ಬಿಣ. ಅವನು ಇದನ್ನು ತಂದ ದಿನ ಏದುಸಿರು ಬಿಡುತ್ತಿದ್ದ.

"ಅದನ್ನ ಒಬ್ಬಳೇ?" ಅಂದರು ಅತ್ತೆ.

"ನಾಯಿಗಿಂತ ಸುಲಭ ಅತ್ತೆ. ಇದು ಮಿಸುಕಾಡಲ್ಲ."

ಕಂಡಕ್ಟರ್ ಮುಂದೆ ಇಳಿಯಿತು, ಪ್ರತಿ ತಿರುವಿನಲ್ಲೂ ನಿಂತು ನಾನು ಬಂದೆನೇ ಎಂದು ನೋಡುತ್ತ.

ನೆಲಮಾಳಿಗೆಯಲ್ಲಿ ಕುಸ್ತಿ ನಡೆಯುತ್ತಿತ್ತು. ನೀಲಿ ಮ್ಯಾಟು, ಬೆವರಿನ ವಾಸನೆ, ಒಬ್ಬಳ ಮೇಲೊಬ್ಬಳು ಬಿದ್ದ ಹುಡುಗಿಯರು. ನನ್ನ ತೋಳಲ್ಲಿದ್ದುದನ್ನು ಕಂಡು ಅವರು ಹಿಡಿದ ಪಟ್ಟು ಬಿಟ್ಟು ಕಿರುಚಿದರು.

"ಮಷೀನ್ ಬಂತು! ಕೋಚ್, ಮಷೀನ್!"

ಪೈಲ್ವಾನರು ಇಸಿದುಕೊಳ್ಳಲು ಕೈ ಚಾಚಿದರು. "ಬೇಡ, ಎಲ್ಲಿಡಬೇಕು ಹೇಳಿ," ಅಂದೆ.

ಅವರು ಗೋಡೆಯ ಮೂಲೆ ತೋರಿಸಿದರು. ಅಲ್ಲಿ ನೆಲದ ಮೇಲೆ ಒಂದು ಚೌಕ ಬೇರೆ ಬಣ್ಣದಲ್ಲಿತ್ತು. ಇಷ್ಟು ದಿನವೂ ಅಲ್ಲಿ ಯಾರೂ ಏನೂ ಇಟ್ಟಿರಲಿಲ್ಲ.

"ಮೊದಲು ನೀವು ಹತ್ತಿ," ಅಂದರು. "ಸರಿಯಾಗಿದೆಯೋ ಇಲ್ವೋ ನೋಡ್ಬೇಕಲ್ಲ."

ಇಳಿಸಿ, ಶೂ ಬಿಚ್ಚಿ ಹತ್ತಿದೆ. ಒಬ್ಬಳು ಹುಡುಗಿ ನೆಲಕ್ಕೆ ಮಲಗಿ ಮುಳ್ಳು ಓದಿದಳು, ಅವನು ಓದುತ್ತಿದ್ದ ಹಾಗೆಯೇ.

"ಐವತ್ತಮೂರು! ಅಕ್ಕ ನನ್ನ ತೂಕದ ಕ್ಲಾಸು! ಬನ್ನಿ ಅಕ್ಕ, ಒಂದು ಕೈ ನೋಡೋಣ."

"ಹುಷಾರು," ಅಂದರು ಪೈಲ್ವಾನ್. "ಅವಳು ದಿನಾ ಮೂರು ಸಲ ನಾಯಿ ಎತ್ಕೊಂಡು ಮೂರು ಮಹಡಿ ಹತ್ತಿದಾಳೆ. ನಿನ್ನನ್ನ ಎತ್ತಿ ಗುಜರಿಗೆ ಹಾಕ್ತಾಳೆ."

ಹುಡುಗಿಯರು ನಕ್ಕರು. ನಾನೂ ನಕ್ಕೆ. ಯಂತ್ರವನ್ನು ಎತ್ತಿ ಮೂಲೆಗೆ ಒಯ್ದೆ. ನಾಲ್ಕು ಕಾಲೂ ಚೌಕದೊಳಗೆ ಸರಿಯಾಗಿ ಕೂತವು.

"ಎರಡು ದಿನಕ್ಕೆ ಅಂತ ತಗೊಂಡಿದ್ದ," ಅಂದೆ. "ತಡ ಆಯ್ತು."

"ಪರವಾಗಿಲ್ಲ ತಂಗಿ," ಅಂದರು ಅವರು. ಹುಡುಗಿಯರ ಕಡೆ ತಿರುಗಿ ಯಂತ್ರದ ಮುಂದೆ ಸಾಲು ನಿಲ್ಲಿಸಿದರು.